ಓಟು ಬಾಗಿನವಾಗಿ ಬಂದದ್ದಲ್ಲ

ಭಾರತದ ಹೆಂಗಸರು ಮತದಾನದ ಹಕ್ಕನ್ನು ಹೇಗೆ ಪಡೆದರು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ಒಂದು ಪೂರ್ಣ ಪಾಠವಾಗಿ ಕಲಿಸಬೇಕು ಎಂಬುದಷ್ಟೇ ನಮ್ಮ ಬೇಡಿಕೆ. ಇಷ್ಟು ಹೇಳಿದರೆ ಸಾಕು, ಆಕ್ಷೇಪಣೆಗಳು ಸಾಲುಗಟ್ಟುತ್ತವೆ. ಶಿಕ್ಷಕರ ಕೊಠಡಿಯಲ್ಲಿ, ಪೋಷಕರ ಸಭೆಯಲ್ಲಿ, ಪತ್ರಿಕೆಗಳ ವಾಚಕರ ವಾಣಿಯಲ್ಲಿ ಕೇಳಿಬರುವ ಈ ಮಾತುಗಳನ್ನು ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಆರು. ಬಿಡಿಬಿಡಿಯಾಗಿ ಕೇಳಿದಾಗ ಒಂದೊಂದೂ ಸಮಂಜಸವೆನಿಸುತ್ತದೆ. ಅಕ್ಕಪಕ್ಕ ಕೂರಿಸಿದರೆ ತಮ್ಮತಮ್ಮಲ್ಲೇ ಜಗಳಕ್ಕಿಳಿಯುತ್ತವೆ. ಆದ್ದರಿಂದ ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ, ಎದುರಾಳಿಗಳು ಹೇಳುವುದಕ್ಕಿಂತ ಸ್ವಲ್ಪ ಚೆನ್ನಾಗಿಯೇ ಹೇಳುತ್ತೇನೆ, ಆಮೇಲೆ ಉತ್ತರ ಕೊಡುತ್ತೇನೆ. ತೀರ್ಪು ಓದುಗರದು.

ಮೊದಲನೆಯ ಆಕ್ಷೇಪಣೆ: ನಮ್ಮ ದೇಶದಲ್ಲಿ ಅಂಥ ಹೋರಾಟವೇ ನಡೆಯಲಿಲ್ಲ. ಇಂಗ್ಲೆಂಡಿನಲ್ಲಿ ಕಿಟಕಿ ಒಡೆದರು, ಜೈಲಿಗೆ ಹೋದರು, ಉಪವಾಸ ಕೂತರು. ಇಲ್ಲಿ 1950ರಲ್ಲಿ ಸಂವಿಧಾನ ಬಂತು, ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಓಟು ಸಿಕ್ಕಿತು. ನಡೆಯದ ಹೋರಾಟವನ್ನು ಮಕ್ಕಳಿಗೆ ಕಲಿಸುವುದೇನು?

ಅಂದರೆ ಗೌರಿ ಹಬ್ಬದ ಬಾಗಿನದಂತೆ ಮೊರದ ತುಂಬ ಹಕ್ಕುಗಳನ್ನಿಟ್ಟು, ಅರಿಸಿನ ಕುಂಕುಮದ ಜೊತೆಗೆ ಕೈಗಿತ್ತರು ಎಂದಾಯಿತು. ಕಾಲಾನುಕ್ರಮ ಬೇರೆಯದನ್ನೇ ಹೇಳುತ್ತದೆ. 1917ರ ಡಿಸೆಂಬರಿನಲ್ಲಿ ಭಾರತ ಸಚಿವ ಎಡ್ವಿನ್ ಮಾಂಟೆಗು ಮತ್ತು ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಮದರಾಸಿಗೆ ಬಂದಿದ್ದಾಗ ಸರೋಜಿನಿ ನಾಯ್ಡು ಅವರ ಮುಂದಾಳ್ತನದಲ್ಲಿ ಮಹಿಳೆಯರ ನಿಯೋಗವೊಂದು ಅವರನ್ನು ಕಂಡಿತು. ಹಿಂದೆ ನಿಂತು ಕೆಲಸ ಮಾಡಿದವರು ಅದೇ ವರ್ಷ ಅಡ್ಯಾರಿನಲ್ಲಿ ಹುಟ್ಟಿದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ನಿನ ಮಾರ್ಗರೆಟ್ ಕಸಿನ್ಸ್. ಅವರು ಮೊದಲು ಭೇಟಿ ಕೇಳಿದ್ದು ಹೆಣ್ಣುಮಕ್ಕಳ ಶಿಕ್ಷಣದ ವಿಷಯಕ್ಕೆ. ರಾಜಕೀಯ ವಿಷಯವಿದ್ದರೆ ಮಾತ್ರ ಭೇಟಿ ಎಂದು ಕಚೇರಿಯಿಂದ ಉತ್ತರ ಬಂತು. ಸರಿ, ರಾಜಕೀಯವನ್ನೇ ಕೇಳೋಣ ಎಂದು ಮನವಿಯಲ್ಲಿ ಮತದಾನದ ಹಕ್ಕನ್ನು ಸೇರಿಸಿದರು. ಮರುವರ್ಷ ಬಂದ ಮಾಂಟೆಗು ಚೆಲ್ಮ್ಸ್‌ಫರ್ಡ್ ವರದಿಯಲ್ಲಿ ಹೆಂಗಸರ ಓಟಿನ ಸುದ್ದಿಯೇ ಇರಲಿಲ್ಲ. ಯಾರಿಗೆ ಓಟು ಎಂದು ನಿರ್ಧರಿಸಲು ಬಂದ ಸೌತ್‌ಬರೊ ಸಮಿತಿ, ಮಹಿಳಾ ಸಂಘಗಳ ಮನವಿಗಳನ್ನು ಕೈಯಲ್ಲಿಟ್ಟುಕೊಂಡೇ, ಸಮಾಜ ಇದಕ್ಕೆ ಸಿದ್ಧವಿಲ್ಲ, ಪರದೆ ಪದ್ಧತಿ ಇದೆ, ಕಾಲ ಪಕ್ವವಾಗಿಲ್ಲ ಎಂದು ಬೇಡಿಕೆಯನ್ನು ತಳ್ಳಿಹಾಕಿತು. 1919ರಲ್ಲಿ ಮುಂಬಯಿಯಿಂದ ಹೆರಾಬಾಯಿ ಟಾಟಾ ಮತ್ತು ಅವರ ಮಗಳು ಮಿಥನ್ ಲಂಡನ್ನಿಗೆ ಹಡಗು ಹತ್ತಿದರು. ಸಂಸತ್ತಿನ ಜಂಟಿ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು, ಊರೂರು ತಿರುಗಿ ಭಾಷಣ ಮಾಡಿದರು. ಸರೋಜಿನಿ ನಾಯ್ಡು ಮತ್ತು ಆನಿ ಬೆಸೆಂಟ್ ಕೂಡ ಅಲ್ಲಿ ವಾದಿಸಿದರು.

ಇಷ್ಟಾದ ಮೇಲೂ ಸಿಕ್ಕಿದ್ದು ಅರ್ಧ ಬಾಗಿಲು. ಹೆಂಗಸರು ಅನರ್ಹರು ಎಂಬ ನಿಯಮವನ್ನು ಬೇಕಾದರೆ ಆಯಾ ಪ್ರಾಂತದ ಶಾಸನ ಪರಿಷತ್ತುಗಳೇ ತೆಗೆದುಹಾಕಲಿ ಎಂದು 1919ರ ಕಾಯಿದೆ ಕೈತೊಳೆದುಕೊಂಡಿತು. ಹಾಗಾಗಿ ಒಂದೇ ಹೋರಾಟವನ್ನು ಪ್ರಾಂತದಿಂದ ಪ್ರಾಂತಕ್ಕೆ ಹೊತ್ತು ತಿರುಗಬೇಕಾಯಿತು. ಮದರಾಸು ಮತ್ತು ಮುಂಬಯಿ 1921ರಲ್ಲಿ ಒಪ್ಪಿದವು, ಸಂಯುಕ್ತ ಪ್ರಾಂತ 1923ರಲ್ಲಿ, ಪಂಜಾಬ್ 1926ರಲ್ಲಿ, ಬಿಹಾರ ಮತ್ತು ಒಡಿಶಾ 1929ರಲ್ಲಿ. ಬಂಗಾಳ 1921ರಲ್ಲಿ ನಿರಾಕರಿಸಿತು. ಕವಯಿತ್ರಿ ಕಾಮಿನಿ ರಾಯ್ ಮತ್ತು ಬಂಗೀಯ ನಾರಿ ಸಮಾಜದ ಹೆಂಗಸರು ಮತ್ತೆ ಸಭೆ ಕಟ್ಟಿ, ಮನವಿ ಹೊತ್ತು, ಸದಸ್ಯರ ಮನೆಬಾಗಿಲಿಗೆ ನಡೆದ ಮೇಲೆ 1925ರಲ್ಲಿ ಒಪ್ಪಿತು. ಓಟು ಹಾಕುವ ಹಕ್ಕು ಬಂದರೂ ಚುನಾವಣೆಗೆ ನಿಲ್ಲುವ ಹಕ್ಕಿಗೆ 1926ರವರೆಗೆ ಕಾಯಬೇಕಾಯಿತು. 1917ರಿಂದ 1950ಕ್ಕೆ ಮೂವತ್ತಮೂರು ವರ್ಷ. ಇದಕ್ಕೆ ಹೋರಾಟವೆಂಬ ಹೆಸರು ಸಲ್ಲದು ಎನ್ನುವವರು ಬೇರೆ ಯಾವ ಹೆಸರು ಸಲ್ಲುತ್ತದೆ ಎಂದಾದರೂ ಹೇಳಬೇಕು.

ಇಲ್ಲಿ ಅವರಿಗೊಂದು ಉಪವಾದವಿದೆ. ಸಂವಿಧಾನ ಸಭೆಯಲ್ಲಿ ಹೆಂಗಸರ ಓಟಿನ ಬಗ್ಗೆ ಜಗಳವೇ ಆಗಲಿಲ್ಲವಲ್ಲ, ಅಂದಮೇಲೆ ಹೋರಾಟವೆಲ್ಲಿ ಬಂತು? ಜಗಳ ಆಗದೇ ಇದ್ದದ್ದು ನಿಜ, ಏಕೆಂದರೆ ಆ ಜಗಳ ಅದಕ್ಕೆ ಮೊದಲೇ ಮುಗಿದಿತ್ತು. 1928ರ ಮೋತಿಲಾಲ್ ನೆಹರೂ ವರದಿ, ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯ ಎರಡೂ ವಯಸ್ಕ ಮತದಾನವನ್ನು ಒಪ್ಪಿಕೊಂಡದ್ದು ಹಿಂದಿನ ಹತ್ತು ವರ್ಷಗಳ ವಾದದ ಫಲ. ಮೊಕದ್ದಮೆ ಕೆಳ ನ್ಯಾಯಾಲಯದಲ್ಲೇ ಗೆದ್ದು ಮೇಲ್ಮನವಿಯಿಲ್ಲದೆ ಮುಗಿದರೆ ಮೊಕದ್ದಮೆಯೇ ನಡೆಯಲಿಲ್ಲ ಎಂದು ಯಾವ ವಕೀಲನೂ ಹೇಳಲಾರ. ಇನ್ನು ಕಿಟಕಿ ಒಡೆದರೆ ಮಾತ್ರ ಹೋರಾಟ ಎಂಬ ಅಳತೆಗೋಲಿನ ಮಾತು. ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮೊದಲು ಓಟು ಕೊಟ್ಟ ದೇಶ ನ್ಯೂಜಿಲೆಂಡ್, 1893ರಲ್ಲಿ. ಅಲ್ಲಿ ಕೇಟ್ ಶೆಪರ್ಡ್ ಮತ್ತು ಸಂಗಡಿಗರ ಆಯುಧ ಸುಮಾರು 32 ಸಾವಿರ ಸಹಿಗಳಿದ್ದ ಅರ್ಜಿ. ಗಾಜು ಪುಡಿಯಾಗಲಿಲ್ಲವೆಂದು ನ್ಯೂಜಿಲೆಂಡಿನ ಚರಿತ್ರೆಯನ್ನೂ ಅಳಿಸೋಣವೇ?

ಎರಡನೆಯ ಆಕ್ಷೇಪಣೆ: ಇದೆಲ್ಲ ಪಾಶ್ಚಾತ್ಯರ ಆಮದು. ಐರ್ಲೆಂಡಿನ ಕಸಿನ್ಸ್, ಲಂಡನ್ನಿನ ಬೆಸೆಂಟ್ ಇಲ್ಲಿಗೆ ಬಂದು ತಮ್ಮ ಊರಿನ ಚಳವಳಿಯನ್ನು ನಮ್ಮ ಮೇಲೆ ಹೇರಿದರು. ಕೊನೆಗೆ ಓಟು ಕೊಟ್ಟವರೂ ಬ್ರಿಟಿಷರೇ. ಇದನ್ನು ನಮ್ಮ ಹೋರಾಟವೆಂದು ಕಲಿಸುವುದು ಆತ್ಮವಂಚನೆ.

ಮೊದಲನೆಯ ಆಕ್ಷೇಪಣೆಯ ಪ್ರಕಾರ ಓಟು ಕೊಟ್ಟದ್ದು ನಮ್ಮದೇ ಸಂವಿಧಾನ. ಎರಡನೆಯದರ ಪ್ರಕಾರ ಬ್ರಿಟಿಷರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರನ್ನು ನಾನು ಕೇಳಿದ್ದೇನೆ. ಯಾರು ಕೊಟ್ಟರು ಎಂಬುದರಲ್ಲಿ ಅವರಿಗೇ ಒಮ್ಮತವಿಲ್ಲ. ಹೆಂಗಸರು ಗಳಿಸಿದ್ದಲ್ಲ ಎಂಬ ಒಂದರಲ್ಲಿ ಮಾತ್ರ ಭಾರಿ ಒಮ್ಮತ. ಇರಲಿ, ಬ್ರಿಟಿಷರ ಔದಾರ್ಯವನ್ನು ನೋಡೋಣ. 1918ರಲ್ಲಿ ಬ್ರಿಟನ್ ತನ್ನ ಹೆಂಗಸರಿಗೆ ಓಟು ಕೊಟ್ಟದ್ದೇ ಮೂವತ್ತು ವರ್ಷ ತುಂಬಿರಬೇಕು, ಆಸ್ತಿಯ ಅರ್ಹತೆ ಬೇಕು ಎಂಬ ಷರತ್ತಿನ ಮೇಲೆ. ಗಂಡಸರ ಸಮಕ್ಕೆ ತಂದದ್ದು 1928ರಲ್ಲಿ. ಭಾರತದ ಹೆಂಗಸರಿಗೆ ಬೇಡವೆಂದ ಸೌತ್‌ಬರೊ ಸಮಿತಿ ಬ್ರಿಟಿಷ್ ಸರ್ಕಾರದ್ದು. ತಾನು ನಿರ್ಧರಿಸದೆ ಪ್ರಾಂತಗಳ ಮೇಲೆ ಹಾಕಿದ್ದು ಬ್ರಿಟಿಷ್ ಸಂಸತ್ತು. ಕೊನೆಗೆ ಮದರಾಸು, ಮುಂಬಯಿ, ಬಂಗಾಳಗಳಲ್ಲಿ ನಿರ್ಬಂಧವನ್ನು ಕಿತ್ತುಹಾಕಿದ್ದು ಹೆಚ್ಚಾಗಿ ಭಾರತೀಯ ಸದಸ್ಯರಿದ್ದ ಪರಿಷತ್ತುಗಳು. ಫ್ರಾನ್ಸಿನ ಹೆಂಗಸರಿಗೆ ಓಟಿನ ಹಕ್ಕು ಬಂದದ್ದು 1944ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ರಾಷ್ಟ್ರಮಟ್ಟದ ಹಕ್ಕು 1971ರಲ್ಲಿ. 1952ರ ಚುನಾವಣೆಯಲ್ಲಿ ನಮ್ಮ ಹಳ್ಳಿಯ ಹೆಂಗಸರು ಮತಪೆಟ್ಟಿಗೆಗೆ ಚೀಟಿ ಹಾಕುವಾಗ ಜಿನೀವಾದ ಹೆಂಗಸರು ಸ್ವಿಸ್ ಸಂಸತ್ತಿಗೆ ಓಟು ಹಾಕುವಂತಿರಲಿಲ್ಲ. ಆಮದು ಎಂದರೆ ಅಲ್ಲಿರುವ ಸರಕು ಇಲ್ಲಿಗೆ ಬರಬೇಕು. ಅಲ್ಲಿಲ್ಲದ್ದು ಇಲ್ಲಿಗೆ ಬಂದ ಬಗೆ ಹೇಗೆ?

ಕಸಿನ್ಸ್ ಐರ್ಲೆಂಡಿನವರು ಎಂಬುದು ಸತ್ಯ, ಮತದಾನದ ಹೋರಾಟದಲ್ಲಿ ಆಕೆ ತನ್ನ ನಾಡಿನಲ್ಲೂ ಲಂಡನ್ನಿನಲ್ಲೂ ಜೈಲು ಕಂಡಿದ್ದರು ಎಂಬುದೂ ಸತ್ಯ. ಹಾಗೆಯೇ ಪಂಜಾಬಿನ ಮಹಾರಾಜ ದುಲೀಪ್ ಸಿಂಗರ ಮಗಳು ಸೋಫಿಯಾ ಲಂಡನ್ನಿನಲ್ಲಿ ಓಟಿಲ್ಲದೆ ತೆರಿಗೆಯಿಲ್ಲ ಎಂದು ಹಟ ಹಿಡಿದು ನಿಂತದ್ದೂ ಸತ್ಯ. ಅಲ್ಲಿನವರು ಇಲ್ಲಿಗೆ ಬಂದರೆ ಹೇರಿಕೆ ಎನ್ನುವವರು, ಇಲ್ಲಿಯ ಮೂಲದವರು ಅಲ್ಲಿ ಹೋರಾಡಿದರೆ ಅದನ್ನು ಏನೆಂದು ಕರೆಯುತ್ತಾರೆ? ಹೊರಗಿನಿಂದ ಬಂದದ್ದೆಲ್ಲ ಪಠ್ಯದಿಂದ ಹೊರಕ್ಕೆ ಎಂಬುದು ನಿಯಮವಾದರೆ ಸಂಸತ್ತು, ಗುಪ್ತ ಮತದಾನ, ಲಿಖಿತ ಸಂವಿಧಾನಗಳ ಅಧ್ಯಾಯಗಳನ್ನೂ ಹರಿದುಹಾಕಬೇಕಾಗುತ್ತದೆ. ಅವು ಇರಲಿ, ಹೆಂಗಸರ ಪುಟವೊಂದು ಮಾತ್ರ ವಿದೇಶಿ ಎನ್ನುವುದು ಸ್ವದೇಶಿ ನಿಷ್ಠೆಯ ವಿಚಿತ್ರ ಆಯ್ಕೆ.

ಮೂರನೆಯ ಆಕ್ಷೇಪಣೆ: ಇದು ಮೇಲ್ಜಾತಿ, ಮೇಲ್ವರ್ಗದ ಕೆಲವೇ ಹೆಂಗಸರ ಕಥೆ. ಅಂದು ಓಟು ಸಿಕ್ಕಿದ್ದು ಆಸ್ತಿವಂತರಿಗೆ ಮಾತ್ರ. ಗದ್ದೆ ನಾಟಿ ಮಾಡುವವಳಿಗೆ, ಬೀಡಿ ಕಟ್ಟುವವಳಿಗೆ ಇದರಲ್ಲಿ ಪಾಲೇನಿತ್ತು?

ಆರರಲ್ಲಿ ಗಂಭೀರವಾಗಿ ಪರಿಗಣಿಸಬೇಕಾದ ಆಕ್ಷೇಪಣೆ ಇದೊಂದೇ, ಏಕೆಂದರೆ ಇದರ ಮೊದಲ ಅರ್ಧ ನಿಜ. ಆಸ್ತಿ ಅಥವಾ ತೆರಿಗೆಯ ಅರ್ಹತೆ ಬೇಕಾಗಿದ್ದ ಆ ದಿನಗಳಲ್ಲಿ ಬಹುಪಾಲು ಗಂಡಸರಿಗೇ ಓಟಿರಲಿಲ್ಲ. ಆಸ್ತಿ ಗಂಡನ ಹೆಸರಿನಲ್ಲೇ ಇರುವ ಸಮಾಜದಲ್ಲಿ ಹೆಂಗಸರ ಪಾಲು ಇನ್ನೂ ಕಡಿಮೆ. 1935ರ ಕಾಯಿದೆಯ ಹೊತ್ತಿಗೂ ಸುಮಾರು 2 ಕೋಟಿ 90 ಲಕ್ಷ ಗಂಡಸರಿಗೆ ಎದುರಾಗಿ ಓಟಿದ್ದ ಹೆಂಗಸರು ಸುಮಾರು 60 ಲಕ್ಷ. ಆದರೆ ಈ ಮಿತಿಯನ್ನು ಹಾಕಿದವರು ಯಾರು? ಸರ್ಕಾರ. ಅದನ್ನು ಮುರಿಯಬೇಕೆಂದು ಕೇಳಿದವರು ಯಾರು? ಈಗ ಮೇಲ್ವರ್ಗದವರೆಂದು ಬೈಸಿಕೊಳ್ಳುತ್ತಿರುವ ಅದೇ ಹೆಂಗಸರು. ಆಸ್ತಿವಂತರ ಹೆಂಡತಿಯರಿಗೂ ವಿಧವೆಯರಿಗೂ ಗಂಡನ ಲೆಕ್ಕದ ಮೇಲೆ ಓಟು ಕೊಡಬಹುದು ಎಂದು ಸೈಮನ್ ಆಯೋಗ ಸಲಹೆ ಕೊಟ್ಟಿತು. ಸ್ವಂತ ಅನುಕೂಲವೇ ಮುಖ್ಯವಾಗಿದ್ದರೆ ಸುಖವಾಗಿ ಒಪ್ಪಿಕೊಳ್ಳಬಹುದಿತ್ತು, ಲಾಭ ಅವರದೇ ಆಗಿತ್ತು. ಅಖಿಲ ಭಾರತ ಮಹಿಳಾ ಸಮ್ಮೇಳನವೂ ಸೇರಿದಂತೆ ಮುಖ್ಯ ಮಹಿಳಾ ಸಂಘಗಳು ಒಟ್ಟಾಗಿ 1931ರಲ್ಲಿ ಕೊಟ್ಟ ಉತ್ತರವೇ ಬೇರೆ: ವಯಸ್ಸಿಗೆ ಬಂದ ಎಲ್ಲರಿಗೂ ಓಟು ಬೇಕು, ಹೆಂಡತಿತನದ ಆಧಾರದ ಓಟು ಬೇಡ, ಮೀಸಲು ಸ್ಥಾನವೂ ಬೇಡ. 1933ರಲ್ಲಿ ರಾಜಕುಮಾರಿ ಅಮೃತ್ ಕೌರ್, ಮುತ್ತುಲಕ್ಷ್ಮಿ ರೆಡ್ಡಿ, ಬೇಗಂ ಹಮೀದ್ ಅಲಿ ಲಂಡನ್ನಿಗೇ ಹೋಗಿ ವಾದಿಸಿದರು. ಸರ್ಕಾರ ಕೇಳಲಿಲ್ಲ, 1935ರ ಕಾಯಿದೆಯಲ್ಲಿ ಹೆಂಡತಿತನದ ಅರ್ಹತೆ ಉಳಿಯಿತು. ಗದ್ದೆಯ ಹೆಂಗಸಿಗೆ ಓಟು ಬೇಕೆಂದವರನ್ನು ಬಿಟ್ಟು, ಬೇಡವೆಂದವರ ಪಾಪವನ್ನು ಅವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಈ ಜಗಳಕ್ಕೆ ಎರಡು ಮುಖಗಳಿದ್ದವು ಎಂಬುದೇ ಪಾಠದ ಬಲ. ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರ ಮೊದಲ ದುಂಡುಮೇಜಿನ ಪರಿಷತ್ತಿಗೂ, ಆಮೇಲೆ ಮತಾಧಿಕಾರದ ವಿಷಯಕ್ಕೆ ನೇಮಿಸಿದ ಲೋಥಿಯನ್ ಸಮಿತಿಗೂ ಹೋದರು. ಮೀಸಲು ಸ್ಥಾನಗಳಿಲ್ಲದೆ ಹೆಂಗಸರು ಗೆದ್ದು ಬರುವುದು ಕಷ್ಟ ಎಂಬುದು ಅವರ ನಿಲುವು. ಸಂಘಗಳ ನಿಲುವು ಅದಕ್ಕೆ ನೇರ ವಿರುದ್ಧ. ಇಬ್ಬರೂ ಹೆಂಗಸರ ಪರವೇ, ದಾರಿ ಮಾತ್ರ ಬೇರೆ. ಮೀಸಲಾತಿಯ ಬಗ್ಗೆ ಇಂದು ತರಗತಿಯಲ್ಲಿ ಏಳುವ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇದೆಯೇ? ಇನ್ನು ಒಂದೇ ತಕ್ಕಡಿ ಹಿಡಿಯೋಣ. 1885ರಲ್ಲಿ ಮುಂಬಯಿಯಲ್ಲಿ ಸೇರಿದ ಮೊದಲ ಕಾಂಗ್ರೆಸ್ಸಿನಲ್ಲಿದ್ದವರು 72 ಪ್ರತಿನಿಧಿಗಳು. ಅವರಲ್ಲಿ ಎಷ್ಟು ಜನ ಬೀಡಿ ಕಟ್ಟುತ್ತಿದ್ದರು? ಮೇಲ್ವರ್ಗದ ಗಂಡಸರ ಸಭೆ ರಾಷ್ಟ್ರದ ಚರಿತ್ರೆ, ಮೇಲ್ವರ್ಗದ ಹೆಂಗಸರ ಸಭೆ ಕೇವಲ ಮೇಲ್ವರ್ಗದ ಚರಿತ್ರೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಆಕ್ಷೇಪಿಸುವವರು ಇದುವರೆಗೂ ಕೊಟ್ಟಿಲ್ಲ.

ನಾಲ್ಕನೆಯ ಆಕ್ಷೇಪಣೆ: ಸಾಮಾನ್ಯ ಹೆಂಗಸರಿಗೆ ಓಟು ಬೇಕಾಗಿರಲೇ ಇಲ್ಲ. ಮೊದಲ ಮತದಾರರ ಪಟ್ಟಿಯಲ್ಲಿ ಸ್ವಂತ ಹೆಸರು ಹೇಳುವುದಕ್ಕೂ ಒಪ್ಪದವರು ಲಕ್ಷಗಟ್ಟಲೆ. ಹೆಸರು ಹೇಳಿದವರೂ ಗಂಡ ತೋರಿಸಿದ ಗುರುತಿಗೆ ಓಟು ಹಾಕಿದರು. ಇದರಲ್ಲಿ ಗೆದ್ದದ್ದೇನು?

ಇಲ್ಲಿ ಅಂಕಿ ಇದೆ, ಆದ್ದರಿಂದ ಅಂಕಿಯಲ್ಲೇ ಮಾತಾಡೋಣ. ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿ ತಯಾರಿಸುವಾಗ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿ, ತಮ್ಮ ಹೆಸರು ಹೇಳದವರು ಇದ್ದದ್ದು ನಿಜ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು, ಅವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶದವರು. ಎದುರಾಳಿಗಳು ಇಷ್ಟು ಹೇಳಿ ನಿಲ್ಲಿಸುತ್ತಾರೆ. ಭಾಗಾಕಾರ ಮಾಡುವುದಿಲ್ಲ. ಆಗ ದೇಶದಲ್ಲಿ ಮತದಾರ ವಯಸ್ಸಿನ ಹೆಂಗಸರು ಸುಮಾರು 8 ಕೋಟಿ. 8 ಕೋಟಿಯಲ್ಲಿ 28 ಲಕ್ಷವೆಂದರೆ ನೂರಕ್ಕೆ ಮೂರೂವರೆ. ಹೆಸರು ಹೇಳಲಿಲ್ಲವೆಂಬ ಮೂರೂವರೆ ಜನ ಅವರಿಗೆ ಕಾಣುತ್ತಾರೆ, ಬಹುಪಾಲು ಅಕ್ಷರ ಬಾರದ ಸಮಾಜದಲ್ಲಿ ಸರ್ಕಾರಿ ಗುಮಾಸ್ತನ ಮುಂದೆ ತಮ್ಮ ಹೆಸರು ಬರೆಸಿದ ಉಳಿದ ತೊಂಬತ್ತಾರೂವರೆ ಜನ ಕಾಣುವುದಿಲ್ಲ. ದೃಷ್ಟಿದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನು ಗಂಡ ಹೇಳಿದ ಕಡೆ ಓಟು ಎಂಬ ಮಾತು. ಗೌಡರು ಹೇಳಿದ ಕಡೆ, ಜಾತಿಯ ಮುಖಂಡರು ಹೇಳಿದ ಕಡೆ, ಚುನಾವಣೆಯ ಹಿಂದಿನ ರಾತ್ರಿ ಮನೆಗೆ ಬಂದ ಕವರು ಹೇಳಿದ ಕಡೆ ಓಟು ಹಾಕಿದ ಗಂಡಸರ ಸಂಖ್ಯೆ ನಮ್ಮಲ್ಲಿ ಕಡಿಮೆಯೇ? ಅವರ ಹಕ್ಕಿನ ಇತಿಹಾಸವನ್ನು ಕಲಿಸುವ ಮೊದಲು ಅವರು ಸ್ವತಂತ್ರವಾಗಿ ಯೋಚಿಸುತ್ತಾರೆಂದು ಪ್ರಮಾಣಪತ್ರ ತನ್ನಿ ಎಂದು ಯಾರೂ ಕೇಳಲಿಲ್ಲ. ಹೆಂಗಸರಿಗೆ ಮಾತ್ರ ಈ ಪ್ರವೇಶ ಪರೀಕ್ಷೆ. ಹೋಗಲಿ, ಪರೀಕ್ಷೆಯನ್ನೇ ನಡೆಸೋಣ. 1962ರ ಲೋಕಸಭಾ ಚುನಾವಣೆಯಲ್ಲಿ ಗಂಡಸರಲ್ಲಿ ನೂರಕ್ಕೆ ಸುಮಾರು 63 ಜನ ಓಟು ಹಾಕಿದರೆ ಹೆಂಗಸರಲ್ಲಿ ಸುಮಾರು 47. 2019ರ ಹೊತ್ತಿಗೆ ಆ ಅಂತರ ಅಳಿಸಿಹೋಗಿ, ಹೆಂಗಸರ ಪ್ರಮಾಣ ಗಂಡಸರಿಗಿಂತ ಕೂದಲೆಳೆಯಷ್ಟು ಮುಂದೆ ಹೋಯಿತು. ಬೇಡವಾದ ಹಕ್ಕನ್ನು ಚಲಾಯಿಸಲು ಇಷ್ಟು ಜನ ಬಿಸಿಲಿನಲ್ಲಿ ಸಾಲು ನಿಲ್ಲುತ್ತಾರೆಯೇ?

ಐದನೆಯ ಆಕ್ಷೇಪಣೆ: ಈ ಪಾಠ ತರಗತಿಯಲ್ಲಿ ಗಂಡು ಹೆಣ್ಣುಗಳ ನಡುವೆ ವೈರ ಬಿತ್ತುತ್ತದೆ. ಗಂಡಸರೆಲ್ಲ ದುಷ್ಟರು ಎಂದು ಹುಡುಗಿಯರು ಕಲಿಯುತ್ತಾರೆ, ತಾವು ಅಪರಾಧಿಗಳೆಂದು ಹುಡುಗರು ತಲೆ ತಗ್ಗಿಸುತ್ತಾರೆ.

ದಯವಿಟ್ಟು ಮೊದಲನೆಯ ಆಕ್ಷೇಪಣೆಗೆ ಹಿಂದಿರುಗಿ. ಅಲ್ಲಿ ಗಂಡಸರು ಕೇಳದಿದ್ದರೂ ಓಟನ್ನು ಕೈಗಿತ್ತ ಉದಾರಿಗಳು. ಇಲ್ಲಿ ಪಾಠ ಮಾಡಿದರೆ ಅವರ ದುಷ್ಟತನ ಬಯಲಾಗುತ್ತದಂತೆ. ಕೇಳದೆಯೇ ಕೊಟ್ಟವರಲ್ಲಿ ಬಯಲಾಗಲು ಉಳಿದದ್ದೇನು? ಎರಡರಲ್ಲಿ ಒಂದನ್ನು ಬಿಡಬೇಕು. ನಾನು ಸಹಾಯ ಮಾಡುತ್ತೇನೆ, ಎರಡನ್ನೂ ಬಿಡಬಹುದು. 1921ರಲ್ಲಿ ಮದರಾಸು ಪರಿಷತ್ತಿನಲ್ಲಿ ಹೆಂಗಸರ ಪರ ಕೈಯೆತ್ತಿದವರೆಲ್ಲ ಗಂಡಸರು, ಏಕೆಂದರೆ ಅಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಹೆರಾಬಾಯಿ ಮತ್ತು ಮಿಥನ್ ಟಾಟಾ ಲಂಡನ್ನಿಗೆ ಹೊರಟಾಗ ಜೊತೆಗಿದ್ದವರು ಸರ್ ಶಂಕರನ್ ನಾಯರ್. ಅದೇ ಚರಿತ್ರೆಯಲ್ಲಿ ಬೇಡವೆಂದ ಹೆಂಗಸರೂ ಇದ್ದರು: ದೇಶದ ಮೊದಲ ಮಹಿಳಾ ವಕೀಲರಲ್ಲೊಬ್ಬರಾದ ಕಾರ್ನೆಲಿಯಾ ಸೊರಾಬ್ಜಿ ಅವರೇ ಇನ್ನೂ ಸಮಯ ಬಂದಿಲ್ಲ ಎನ್ನುವ ಪಕ್ಷದಲ್ಲಿದ್ದರು. ಇತ್ತ ಬಂಗಾಳದ ಪರಿಷತ್ತು ನಾಲ್ಕೇ ವರ್ಷಗಳಲ್ಲಿ ತನ್ನ ತೀರ್ಮಾನವನ್ನು ತಿರುಗಿಸಿತು. ವಾದ ಕೇಳಿ ಮನಸ್ಸು ಬದಲಿಸಬಹುದು ಎಂದು ಹುಡುಗರು ಕಲಿತರೆ ಅದು ಅವಮಾನವೇ? ವೈರಕ್ಕೆ ಬೇಕಾದ ಎರಡು ಶುದ್ಧ ಪಾಳೆಯಗಳು ಈ ಕಥೆಯಲ್ಲಿ ಸಿಗುವುದೇ ಇಲ್ಲ. ಕಥೆ ಗೊತ್ತಿಲ್ಲದವರಿಗೆ ಮಾತ್ರ ಅದು ಗಂಡು ಹೆಣ್ಣಿನ ಯುದ್ಧದಂತೆ ಕಾಣುತ್ತದೆ. ಹಾಗಾದರೆ ಈ ಭಯಕ್ಕೆ ಮದ್ದು ಪಾಠವನ್ನು ಮಾಡುವುದೇ.

ಆರನೆಯ ಆಕ್ಷೇಪಣೆ: ಎಲ್ಲ ಒಪ್ಪೋಣ, ಆದರೆ ಸಮಯವೆಲ್ಲಿದೆ? ಸಮಾಜ ವಿಜ್ಞಾನದ ಪುಸ್ತಕ ಈಗಲೇ ದಪ್ಪ. ಹಕ್ಕು ಎಲ್ಲರಿಗೂ ಇದೆ, 18 ತುಂಬಿದರೆ ಗುರುತಿನ ಚೀಟಿ ಬರುತ್ತದೆ. ಮುಗಿದ ಕಥೆಯನ್ನು ಮತ್ತೆ ಕೆದಕುವುದೇಕೆ?

ತತ್ವದಲ್ಲಿ ಸೋತವರು ಕೊನೆಗೆ ಬಂದು ನಿಲ್ಲುವುದು ವೇಳಾಪಟ್ಟಿಯ ಹಿಂದೆ. ಸಮಯದ ಲೆಕ್ಕವನ್ನೇ ಮಾಡೋಣ. ನಾವು ಕೇಳುತ್ತಿರುವುದು ಮೂರು ಪೀರಿಯಡ್ಡು. ಮೊದಲನೆಯದರಲ್ಲಿ 1917ರ ಮನವಿ, ಅದಕ್ಕೆ ಸೌತ್‌ಬರೊ ಸಮಿತಿ ಕೊಟ್ಟ ಉತ್ತರ. ಎರಡನೆಯದರಲ್ಲಿ ಹೆಂಡತಿತನದ ಓಟು ಬೇಕೋ ಬೇಡವೋ ಎಂಬ ಚರ್ಚೆ, ತರಗತಿಯನ್ನೇ ಎರಡು ಗುಂಪು ಮಾಡಿ. ಮೂರನೆಯದರಲ್ಲಿ ಮೊದಲ ಮತದಾರರ ಪಟ್ಟಿ ತಯಾರಾದ ಬಗೆ. ಈ ಮೂರರಲ್ಲಿ ಮಾಂಟೆಗು ಚೆಲ್ಮ್ಸ್‌ಫರ್ಡ್ ಸುಧಾರಣೆ, ಸೈಮನ್ ಆಯೋಗ, ದುಂಡುಮೇಜಿನ ಪರಿಷತ್ತು, 1935ರ ಕಾಯಿದೆ, ಸಂವಿಧಾನದ 325 ಮತ್ತು 326ನೇ ವಿಧಿಗಳು ಎಲ್ಲವೂ ಬಂದುಹೋಗುತ್ತವೆ. ಇವನ್ನು ಈಗಲೂ ಕಲಿಸುತ್ತೇವೆ, ಇಸವಿಗಳ ಪಟ್ಟಿಯಾಗಿ. ಅದೇ ಇಸವಿಗಳಿಗೆ ಮನುಷ್ಯರು ಸಿಕ್ಕರೆ ಮಗು ನೆನಪಿಟ್ಟುಕೊಳ್ಳುತ್ತದೆ. ಇದು ಹೊರೆ ಹೇಗಾಗುತ್ತದೆ?

ಕನ್ನಡದ ಮಕ್ಕಳಿಗಂತೂ ಇದು ಮನೆಯ ಹತ್ತಿರದ ಪಾಠ. ಅಂದು ಮಂಗಳೂರು, ಬಳ್ಳಾರಿಗಳು ಮದರಾಸಿನಲ್ಲಿದ್ದವು. ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿಯಲ್ಲಿದ್ದವು. ಮೈಸೂರು ಸಂಸ್ಥಾನಕ್ಕೆ ತನ್ನದೇ ಪ್ರಜಾಪ್ರತಿನಿಧಿ ಸಭೆಯಿತ್ತು, ಅಲ್ಲಿ ಹೆಂಗಸರಿಗಿದ್ದ ಅಡ್ಡಿ ತೆಗೆದದ್ದು 1920ರ ದಶಕದ ಮೊದಲ ವರ್ಷಗಳಲ್ಲಿ. ಒಂದೇ ಭಾಷೆಯ ಹೆಂಗಸರು ಬೇರೆಬೇರೆ ಸರ್ಕಾರಗಳ ಬಾಗಿಲಲ್ಲಿ ಕಾದರು. ಏಕೀಕರಣದ ಮುಂಚಿನ ಕರ್ನಾಟಕ ಹೇಗೆ ಹಂಚಿಹೋಗಿತ್ತು ಎಂಬುದನ್ನು ಅರ್ಥಮಾಡಿಸಲು ಈ ನಕ್ಷೆಯೊಂದೇ ಸಾಕು. ಚುನಾವಣೆಗೆ ನಿಲ್ಲುವ ಹಕ್ಕು ಸಿಕ್ಕ 1926ರಲ್ಲೇ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನ ಪರಿಷತ್ತಿಗೆ ಅಲ್ಲಿಂದಲೇ ಸ್ಪರ್ಧಿಸಿದರು. ಹುರಿದುಂಬಿಸಿದವರು ಅದೇ ಮಾರ್ಗರೆಟ್ ಕಸಿನ್ಸ್. ತಯಾರಿಗೆ ಸಮಯವಿರಲಿಲ್ಲ, ಹಿಂದೆ ಯಾವ ಮಹಿಳೆಯೂ ತುಳಿದ ದಾರಿಯಿರಲಿಲ್ಲ, ಆದರೂ ಅಲ್ಪ ಅಂತರದಲ್ಲಿ ಸೋತರು. ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಕಮಲಾದೇವಿಯವರ ಹೆಸರು ಕೇಳಿರುವ ಎಷ್ಟು ಮಕ್ಕಳಿಗೆ ಈ ಚುನಾವಣೆ ಗೊತ್ತಿದೆ ಎಂದು ಯಾವುದಾದರೂ ತರಗತಿಯಲ್ಲಿ ಕೇಳಿ ನೋಡಿ.

ಮುಗಿದ ಕಥೆ ಎನ್ನುವ ಮಾತಿಗೂ ಉತ್ತರ ಬೇಕು. 2023ರಲ್ಲಿ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಡುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು, ಜಾರಿಯನ್ನು ಮಾತ್ರ ಮುಂದಿನ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿತು. ತತ್ವಕ್ಕೆ ಒಪ್ಪಿಗೆ, ದಿನಾಂಕಕ್ಕೆ ಕಾಯಿರಿ. 1919ರ ಕಾಯಿದೆಯನ್ನು ಓದಿದ ವಿದ್ಯಾರ್ಥಿಗೆ ಈ ಧಾಟಿಯ ಪರಿಚಯ ಇರುತ್ತದೆ. ಓದದವರಿಗೆ ಇದು ಹೊಸದೆನಿಸುತ್ತದೆ. ಮರುವಿಂಗಡಣೆಯ ಸರಿತಪ್ಪುಗಳ ಬಗ್ಗೆ ಆ ವಿದ್ಯಾರ್ಥಿ ಯಾವ ನಿಲುವನ್ನಾದರೂ ತಳೆಯಲಿ, ಪ್ರಶ್ನೆ ಕೇಳಲು ಬೇಕಾದ ಹಿನ್ನೆಲೆ ಅವರಿಗಿರಲಿ ಎನ್ನುವುದಷ್ಟೇ ನಮ್ಮ ಹಟ. ಹಕ್ಕುಗಳು ಒಂದು ಬೆಳಿಗ್ಗೆ ಯಾರೋ ದಯಪಾಲಿಸುವ ವಸ್ತುಗಳೆಂದು ಕಲಿತ ಮಗು, ಅವನ್ನು ಯಾರೋ ಹಿಂದಕ್ಕೆ ಪಡೆದಾಗಲೂ ಕೈಕಟ್ಟಿ ನಿಲ್ಲುತ್ತದೆ. ಮನವಿ ಬರೆದು, ತಿರಸ್ಕಾರ ಓದಿ, ಅದರ ತರ್ಕ ಎಲ್ಲಿ ಸಡಿಲವಿದೆ ಎಂದು ಹುಡುಕಿ, ಮತ್ತೆ ಬರೆದು ಪಡೆದದ್ದೆಂದು ಕಲಿತ ಮಗು ಮುಂದೆ ತನ್ನ ಮನವಿಯನ್ನು ಬರೆಯಬಲ್ಲದು. ಈ ಪಾಠ ಹುಡುಗಿಯರಿಗಷ್ಟೇ ಸೀಮಿತವಲ್ಲ ಎನ್ನುವುದು ಅದಕ್ಕೇ.

ಈಗ ಆರು ಆಕ್ಷೇಪಣೆಗಳನ್ನು ಒಟ್ಟಿಗೆ ನೋಡಿ. ಹೆಂಗಸರಿಗೆ ಇದು ಬೇಕಾಗಿಲ್ಲ, ಕೇಳುತ್ತಿರುವವರು ಕೆಲವೇ ವಿದ್ಯಾವಂತರು, ವಿಚಾರ ಹೊರಗಿನದು, ಸಂಸಾರದ ಶಾಂತಿ ಕೆಡುತ್ತದೆ, ಸಮಯ ಇನ್ನೂ ಬಂದಿಲ್ಲ. ನೂರು ವರ್ಷಗಳ ಹಿಂದೆ ಓಟು ಬೇಡವೆಂದವರು ಹೇಳಿದ್ದು ಇಷ್ಟನ್ನೇ. ಇಂದು ಪಾಠ ಬೇಡವೆನ್ನುವವರು ಹೇಳುವುದೂ ಇಷ್ಟನ್ನೇ. ಅಷ್ಟರ ಮಟ್ಟಿಗೆ ಅವರು ನಮ್ಮ ಪಠ್ಯಪುಸ್ತಕಕ್ಕೆ ಪುಕ್ಕಟೆ ಸಾಮಗ್ರಿ ಒದಗಿಸಿದ್ದಾರೆ, ಕೃತಜ್ಞತೆ ಸಲ್ಲಬೇಕು. ಪಾಠದ ಕೊನೆಗೆ ಅಭ್ಯಾಸವಾಗಿ ಇದೊಂದು ಪ್ರಶ್ನೆ ಇರಲಿ: 1919ರಲ್ಲಿ ಹೆಂಗಸರ ಓಟಿನ ವಿರುದ್ಧ ಹೇಳಿದ ಕಾರಣಗಳನ್ನೂ ಈ ಪಾಠದ ವಿರುದ್ಧ ಇಂದು ಹೇಳುವ ಕಾರಣಗಳನ್ನೂ ಹೋಲಿಸಿ, ವ್ಯತ್ಯಾಸಗಳಿದ್ದರೆ ಬರೆಯಿರಿ. ಐದು ಅಂಕ. ಹತ್ತನೇ ತರಗತಿಯ ಹುಡುಗ ಹುಡುಗಿಯರಿಗೆ ಉತ್ತರಕ್ಕೆ ಒಂದು ಪುಟ ಸಾಕು. ಆಕ್ಷೇಪಿಸುವವರೂ ಪರೀಕ್ಷೆಗೆ ಕೂರುವುದಾದರೆ ಅವರಿಗೆ ಬೇಕಾದಷ್ಟು ಅಡಿಷನಲ್ ಶೀಟು ಕೊಡಲು ನಾವು ಸಿದ್ಧ.